ನಿನ್ನೆ ಬೆಳಗ್ಗಿಂದ ಲೆಕ್ಕ ಹೇಳಿ

"ಏನೂ ತಿನ್ನಲ್ಲ ಮೇಡಂ. ಗಾಳಿ ಕುಡಿದು ಬದುಕಿದಾನೆ ಅನ್ಸುತ್ತೆ."

ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರ್ ಆಗಿ ಕೂತು ಹದಿನೆಂಟು ವರ್ಷವಾಯಿತು. ಜ್ವರ, ಕೆಮ್ಮು ಬಿಟ್ಟರೆ ನನ್ನ ಟೇಬಲ್ ಮುಂದೆ ಅತಿ ಹೆಚ್ಚು ಸಲ ಕೇಳಿದ ಮಾತು ಇದೇ. ಹೇಳುವವರು ಬೇರೆ ಬೇರೆ. ವಿದ್ಯಾನಗರದಿಂದ ಸ್ಕೂಟಿಯಲ್ಲಿ ಬರುವ ಬ್ಯಾಂಕಿನ ಉದ್ಯೋಗಿ ಇರಬಹುದು, ಆನಗೋಡಿನಿಂದ ಬಸ್ ಹತ್ತಿ ಬಂದ ಅಜ್ಜಿ ಇರಬಹುದು, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಅಪ್ಪ ಇರಬಹುದು. ಮಗುವಿನ ವಯಸ್ಸು ಮಾತ್ರ ಹೆಚ್ಚುಕಮ್ಮಿ ಒಂದೇ. ಒಂದೂಕಾಲು ವರ್ಷದಿಂದ ಮೂರು, ಮೂರೂವರೆಯೊಳಗೆ.

ಮೊದಮೊದಲು ನಾನು ಭಾಷಣ ಮಾಡುತ್ತಿದ್ದೆ. ಸೊಪ್ಪು ಕೊಡಿ, ಕಾಳು ಕೊಡಿ, ಮೊಟ್ಟೆ ಕೊಡಿ. ಅವರು ತಲೆ ಆಡಿಸಿ, "ಅದನ್ನೇ ಅಲ್ವಾ ಮೇಡಂ ತಿನ್ನದಿರೋದು?" ಅನ್ನುತ್ತಿದ್ದರು. ಸರಿಯಾದ ಮಾತೇ. ಈಗ ಭಾಷಣ ಬಿಟ್ಟಿದ್ದೇನೆ. ಚೀಟಿಯನ್ನು ಹಿಂದುಮುಂದು ಮಾಡಿ, ಪೆನ್ನು ಹಿಡಿದು, "ನಿನ್ನೆ ಎದ್ದಾಗಿನಿಂದ ಮಲಗೋವರೆಗೆ ಬಾಯಿಗೆ ಏನೇನು ಹೋಯ್ತು, ಒಂದೂ ಬಿಡದೆ ಹೇಳಿ" ಅನ್ನುತ್ತೇನೆ. ಔಷಧದ ಪಟ್ಟಿ ಬರೆಯುವ ಬದಿಗಿಂತ ಈ ಹಿಂಬದಿಯೇ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಕಳೆದ ತಿಂಗಳು ಒಬ್ಬ ಹುಡುಗ ಬಂದಿದ್ದ. 2 ವರ್ಷ 2 ತಿಂಗಳು, ತೂಕ 10.9 ಕೆಜಿ. ಕೂತಲ್ಲಿ ಕೂರದೆ ನನ್ನ ಸ್ಟೆತಾಸ್ಕೋಪ್ ಎಳೆಯುತ್ತಿದ್ದ. ತಾಯಿ ಮತ್ತು ಅಜ್ಜಿ ಇಬ್ಬರೂ ಬಂದಿದ್ದರು.

"ಬೆಳಗ್ಗೆ ಎರಡು ತುತ್ತು ಉಪ್ಪಿಟ್ಟು. ಅಷ್ಟೇ ಮೇಡಂ."

"ಅದಕ್ಕೂ ಮುಂಚೆ?"

"ಎದ್ದ ತಕ್ಷಣ ಹಾಲು. ಹಾಲು ಊಟ ಅಲ್ವಲ್ಲ?"

ಇಲ್ಲೇ ಇದೆ ಗಂಟು. ಬರೆಯುತ್ತಾ ಹೋದೆ. ಏಳು ಗಂಟೆಗೆ ಒಂದು ಲೋಟ ಹಾಲು, ಎರಡು ಚಮಚ ಸಕ್ಕರೆ. ಒಂಬತ್ತಕ್ಕೆ ಆ ಎರಡು ತುತ್ತು ಉಪ್ಪಿಟ್ಟು. ತಿಂಡಿ ಸರಿಯಾಗಿ ತಿನ್ನಲಿಲ್ಲವಲ್ಲ ಅಂತ ಹತ್ತೂವರೆಗೆ ಮತ್ತೆ ಹಾಲು, ಜೊತೆಗೆ ಮೂರು ಬಿಸ್ಕತ್ತು. ಹನ್ನೆರಡೂವರೆಗೆ ಫೋನ್ ತೋರಿಸಿ ಮೂರು ತುತ್ತು ಅನ್ನ ಸಾರು. ಮಧ್ಯಾಹ್ನ ಮಲಗಲು ಬಾಟಲಿಯಲ್ಲಿ ಹಾಲು. ಇಷ್ಟಾದ ಮೇಲೆ ಅಜ್ಜಿ ಮೆಲ್ಲಗೆ, "ಸಂಜೆ ನಮ್ಮ ಯಜಮಾನರು ಅಂಗಡಿಗೆ ಕರ್ಕೊಂಡು ಹೋಗ್ತಾರೆ" ಅಂದರು. ಅಂದರೆ ಐದು ರೂಪಾಯಿಯ ಚಿಪ್ಸ್. ಮನೆಗೆ ಬಂದು ತಾತನ ಚಹಾದಲ್ಲಿ ಅದ್ದಿದ ಮೂರು ಬಿಸ್ಕತ್ತು. ಅರ್ಧ ಬಾಳೆಹಣ್ಣು. ರಾತ್ರಿ ಊಟಕ್ಕೆ ಬಾಯಿ ಬಿಡಲೇ ಇಲ್ಲ. ಹಸಿದು ಮಲಗಬಾರದು ಅಂತ ಒಂಬತ್ತೂವರೆಗೆ ಇನ್ನೊಂದು ಬಾಟಲಿ.

ಈಗ ಕೂಡೋಣ. ಹಾಲು ನಾಲ್ಕು ಸಲ, ಸಲಕ್ಕೆ 200 ಮಿಲಿ ಹಿಡಿದರೂ 800 ಮಿಲಿ. ಆಕಳ ಹಾಲಾದರೆ ಸುಮಾರು 520 ಕ್ಯಾಲೊರಿ, ಎಮ್ಮೆ ಹಾಲಾದರೆ ಇನ್ನೂ ಜಾಸ್ತಿ. ಎಂಟು ಚಮಚ ಸಕ್ಕರೆ, 160. ಆರು ಬಿಸ್ಕತ್ತು, 120ರ ಹತ್ತಿರ. ಚಿಪ್ಸ್ 60, ಬಾಳೆಹಣ್ಣು 45. ಒಟ್ಟು 905. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾಗಿರುವುದು ಸುಮಾರು 1000 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಂಕಿ 1010. ಉಳಿದ ನೂರು ಕ್ಯಾಲೊರಿಗೆ ಎಷ್ಟು ಬೇಕು? ಎರಡು ತುತ್ತು ಉಪ್ಪಿಟ್ಟು, ಮೂರು ತುತ್ತು ಅನ್ನ. ಹುಡುಗ ಅಷ್ಟನ್ನೂ ತಿಂದಿದ್ದಾನೆ. ಲೆಕ್ಕದಲ್ಲಿ ಅವನು ಪಕ್ಕಾ.

ಚೀಟಿ ತಿರುಗಿಸಿ ತೋರಿಸಿದಾಗ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಅತ್ತೆಯ ಕಡೆ ನೋಡಿದರು. ಅತ್ತೆ ಗೋಡೆಯ ಕಡೆ ನೋಡಿದರು.

ತಪ್ಪು ಯಾರದ್ದೂ ಅಲ್ಲ ಅಂತ ನಾನು ಅಲ್ಲೇ ಹೇಳಿದೆ. ಮಗು ಊಟ ಬಿಟ್ಟರೆ ಮನೆಯವರಿಗೆ ಭಯ. ಭಯಕ್ಕೆ ಸುಲಭದ ಮದ್ದು ಹಾಲಿನ ಬಾಟಲಿ. ಬಾಟಲಿ ಕುಡಿದ ಮಗು ಮುಂದಿನ ಊಟವನ್ನೂ ಬಿಡುತ್ತದೆ. ಹೀಗೆ ದಿನವಿಡೀ ಸುತ್ತು. ಮಗುವಿಗೆ ಹಸಿವು ಅನ್ನುವುದೇ ಪರಿಚಯ ಆಗಿಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ಹುಟ್ಟಿದಾಗ ಮೂರು ಕೆಜಿ ಇದ್ದ ಮಗು ವರ್ಷ ತುಂಬುವಾಗ ಒಂಬತ್ತು ಕೆಜಿ ಆಗಿರುತ್ತದೆ. ಮೂರು ಪಟ್ಟು. ಎರಡನೇ ವರ್ಷದಲ್ಲಿ ಸೇರುವುದು ಬರೀ ಎರಡು, ಎರಡೂವರೆ ಕೆಜಿ. ಆಮೇಲೆ ವರ್ಷಕ್ಕೆ ಎರಡು ಕೆಜಿಯ ಹತ್ತಿರ. ಮೊದಲ ವರ್ಷದ ವೇಗದಲ್ಲೇ ಬೆಳೆಯುತ್ತಾ ಹೋಗಿದ್ದರೆ ಎರಡನೇ ಹುಟ್ಟುಹಬ್ಬಕ್ಕೆ 27 ಕೆಜಿ, ಮೂರನೆಯದಕ್ಕೆ 81 ಕೆಜಿ ಆಗಬೇಕಿತ್ತು. ಬೆಳವಣಿಗೆ ನಿಧಾನ ಆದಾಗ ಹಸಿವೂ ಕಮ್ಮಿ ಆಗುತ್ತದೆ. "ಹತ್ತು ತಿಂಗಳಿದ್ದಾಗ ಬಟ್ಟಲು ನೆಕ್ತಿದ್ದ, ಈಗ ನೋಡಿ" ಅನ್ನುತ್ತಾರಲ್ಲ, ಅದು ನಿಜ. ಆದರೆ ಅದು ಕಾಯಿಲೆ ಅಲ್ಲ.

ತೂಕದ ಬಗ್ಗೆ ಅನುಮಾನ ಇದ್ದರೆ ಪಕ್ಕದ ಮನೆ ಮಗುವನ್ನು ನೋಡಬೇಡಿ, ತಾಯಿ ಕಾರ್ಡ್ ನೋಡಿ. ಅದರಲ್ಲಿ ಬೆಳವಣಿಗೆಯ ಗೆರೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ಆರು ದೇಶಗಳ ಮಕ್ಕಳನ್ನು ಅಳೆದು 2006ರಲ್ಲಿ ಕೊಟ್ಟ ಗೆರೆಗಳು ಅವು. ಆ ಆರರಲ್ಲಿ ನಮ್ಮ ದೇಶವೂ ಒಂದು, ದೆಹಲಿಯ ಮಕ್ಕಳನ್ನು ತೆಗೆದುಕೊಂಡಿದ್ದರು. ಹಾಗಾಗಿ "ಅದು ಫಾರಿನ್ ಮಕ್ಕಳ ಲೆಕ್ಕ" ಅನ್ನೋ ಹಾಗಿಲ್ಲ. ಎರಡು ತುಂಬಿದ ಗಂಡು ಮಗು 9.7 ಕೆಜಿಗಿಂತ, ಹೆಣ್ಣು ಮಗು 9 ಕೆಜಿಗಿಂತ ಕೆಳಗಿದ್ದರೆ ಮಾತ್ರ ತೂಕ ಕಮ್ಮಿ ಅನ್ನುತ್ತೇವೆ. ನಮ್ಮ ಹುಡುಗ ಹಸಿರು ಪಟ್ಟಿಯಲ್ಲೇ ಇದ್ದ. ಅಂಗನವಾಡಿಗೆ ಹೋಗಿ ತೂಕ ಹಾಕಿಸಲು ಕೆಲವರಿಗೆ ಯಾಕೋ ಸಂಕೋಚ. ಕಾಸು ಕೊಟ್ಟು ನನ್ನ ಹತ್ತಿರ ಬಂದರೂ ನಾನು ನೋಡುವುದು ಅದೇ ಗೆರೆಯನ್ನೇ.

ಹಾಗಾದರೆ ತೂಕ ಸರಿ ಇದ್ದರೆ ಹಾಲು ಕುಡಿದುಕೊಂಡೇ ಇರಲಿ ಬಿಡಿ ಅನ್ನಬಹುದಾ? ಆಗಲ್ಲ. ಕಾರಣ ಕಬ್ಬಿಣ.

ಒಂದು ಲೀಟರ್ ಆಕಳ ಹಾಲಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣದ ಅಂಶವೂ ಇರುವುದಿಲ್ಲ. ಈ ವಯಸ್ಸಿಗೆ ಊಟದಲ್ಲಿ ದಿನಕ್ಕೆ 8 ಮಿಲಿಗ್ರಾಂ ಇರಬೇಕು. ಹಾಲು ತಾನೂ ಕೊಡಲ್ಲ, ಬೇರೆ ಊಟಕ್ಕೆ ಹೊಟ್ಟೆಯಲ್ಲಿ ಜಾಗವನ್ನೂ ಬಿಡಲ್ಲ. ಅದರಲ್ಲಿರುವ ಕ್ಯಾಲ್ಸಿಯಂ ಊಟದ ಕಬ್ಬಿಣ ರಕ್ತಕ್ಕೆ ಸೇರುವುದನ್ನೂ ತಡೆಯುತ್ತದೆ. ಚಹಾ ಅಂತೂ ಇನ್ನೂ ಕೆಟ್ಟದ್ದು. ಬರೀ ಬಿಸ್ಕತ್ತು ಅದ್ದಿಕೊಡುವಷ್ಟೇ ಅಲ್ವಾ ಅನ್ನಬೇಡಿ. ದಿನಾ ಎರಡು ಹೊತ್ತು ಅದ್ದಿದರೆ ಅದು ಚಹಾ ಕುಡಿದ ಹಾಗೆಯೇ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ. ಇಡೀ ದೇಶದ ಲೆಕ್ಕ ಇದು. ಕರ್ನಾಟಕವೂ ಏನೂ ಹಿಂದೆ ಬಿದ್ದಿಲ್ಲ.

ಜಗಳೂರು ಕಡೆಯಿಂದ ಬಂದಿದ್ದ ಒಂದು ಹೆಣ್ಣು ಮಗು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಎರಡೂವರೆ ವರ್ಷ. ಬೆಳ್ಳಗೆ, ದುಂಡಗೆ ಇತ್ತು. ಅಜ್ಜಿಗೆ ಹೆಮ್ಮೆ. "ಮನೇಲಿ ಎಮ್ಮೆ ಐತೆ ಕಣಮ್ಮ, ಹಾಲಿಗೇನೂ ಬರ ಇಲ್ಲ. ಆದ್ರೆ ಉಣ್ಣಾಕೆ ಕರೆದ್ರೆ ಓಡೋಗ್ತಾಳೆ. ಗೋಡೆ ಮಾತ್ರ ನೆಕ್ತಾಳೆ." ನಾನು ಮಗುವಿನ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪೇ ಇರಲಿಲ್ಲ. ಅಂಗೈ ಕಾಗದದ ಹಾಗಿತ್ತು. ಬೆಳ್ಳಗಿದ್ದಾಳೆ ಅಂತ ಮನೆಯವರು ಖುಷಿ ಪಟ್ಟಿದ್ದು ರಕ್ತ ಇಲ್ಲದ ಬಿಳುಪನ್ನು ನೋಡಿ. ಹಿಮೋಗ್ಲೋಬಿನ್ 7.2 ಬಂತು. ಈ ವಯಸ್ಸಿಗೆ ಕನಿಷ್ಠ 11 ಇರಬೇಕು.

ಗೋಡೆ ನೆಕ್ಕುವುದು, ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನುವುದು ತುಂಬ ಸಲ ಕಬ್ಬಿಣದ ಕೊರತೆಯ ಗುರುತು. ಕೊರತೆ ಆದರೆ ಹಸಿವೂ ಸಾಯುತ್ತದೆ. ಹಸಿವು ಸತ್ತರೆ ಮತ್ತೆ ಹಾಲೇ ಗತಿ. ಆ ಮಗುವಿಗೆ ತೂಕ ನೋಡಿ ಕಬ್ಬಿಣದ ಸಿರಪ್ ಬರೆದೆ, ಜಂತುಹುಳುವಿನ ಔಷಧ ಕೊಟ್ಟೆ, ಹಾಲನ್ನು ಎರಡು ಸಣ್ಣ ಲೋಟಕ್ಕೆ ಇಳಿಸಿದೆ. ತಿಂಗಳು ಬಿಟ್ಟು ಬಂದಾಗ ಅಜ್ಜಿ ಅಂದಿದ್ದು ಒಂದೇ ಮಾತು: "ಗೋಡೆ ಬಿಟ್ಲು. ಈಗ ರೊಟ್ಟಿ ಕಿತ್ಕೊಂಡು ತಿಂತಾಳೆ."

ಸರ್ಕಾರದ ಕಡೆಯಿಂದ ಆಶಾ ಕಾರ್ಯಕರ್ತೆಯರು ಆರು ತಿಂಗಳ ಮೇಲಿನ ಮಕ್ಕಳಿಗೆ ವಾರಕ್ಕೆ ಎರಡು ಸಲ, ಒಂದೊಂದು ಮಿಲಿ ಕೊಡಲು ಕಬ್ಬಿಣದ ಸಿರಪ್ ಕೊಡುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಬಾಟಲಿ ಸೀಲ್ ಒಡೆಯದೆ ಫ್ರಿಜ್ಜಿನ ಮೇಲೆ ಕೂತಿರುತ್ತದೆ. ಕೊಟ್ಟರೆ ಕಕ್ಕ ಕಪ್ಪಗೆ ಬರುತ್ತದೆ, ಅದಕ್ಕೆ ಹೆದರಿ ನಿಲ್ಲಿಸುತ್ತಾರೆ. ಕಪ್ಪಗೆ ಬರುವುದು ಸಹಜ. ಕೊಡಿ. ರಕ್ತ ಕಮ್ಮಿ ಅಂತ ಗೊತ್ತಾದ ಮಗುವಿಗೆ ಡೋಸ್ ಬೇರೆ, ಅದನ್ನು ಡಾಕ್ಟರ್ ಹೇಳಬೇಕು.

ಒಂದು ವರ್ಷ ದಾಟಿದ ಮಗುವಿಗೆ ಹಾಲು ದಿನಕ್ಕೆ 400 ಮಿಲಿ, ಹೆಚ್ಚೆಂದರೆ 500. ಅದೂ ಲೋಟದಲ್ಲಿ, ಊಟ ಆದ ಮೇಲೆ. ಬಾಟಲಿ ಬಿಡಿಸುವುದು ನಾಲ್ಕು ರಾತ್ರಿಯ ಕೆಲಸ. ನಾಲ್ಕು ರಾತ್ರಿ ಮನೆ ಮಂದಿಗೆಲ್ಲ ನಿದ್ದೆ ಇರಲ್ಲ, ಸುಳ್ಳು ಹೇಳಲ್ಲ. ಶುಕ್ರವಾರ ಶುರು ಮಾಡಿ ಅನ್ನುತ್ತೇನೆ. ಹಾಲಿಗೆ ಹಾಕುವ ಚಾಕಲೇಟ್ ಪುಡಿಗಳ ಬಗ್ಗೆಯೂ ಕೇಳುತ್ತಾರೆ. ಡಬ್ಬದ ಹಿಂದೆ ಸಣ್ಣಕ್ಷರದಲ್ಲಿ ಸಕ್ಕರೆ ಎಷ್ಟು ಅಂತ ಬರೆದಿರುತ್ತದೆ, ಓದಿ. 2024ರಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಅಂಗಡಿಗಳಿಗೆ ಇಂಥವನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಲು ಹೇಳಿತ್ತು. ಯಾಕೆಂದರೆ ನಮ್ಮ ಆಹಾರ ಕಾನೂನಿನಲ್ಲಿ ಹೆಲ್ತ್ ಡ್ರಿಂಕ್ ಅನ್ನುವ ಪದಾರ್ಥವೇ ಇಲ್ಲ.

ಈಗ ಉಣ್ಣಿಸುವ ವಿಷಯಕ್ಕೆ ಬರೋಣ. ಇದರಲ್ಲಿ ನಾನೇ ಸೋತವಳು, ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಮಗಳಿಗೆ ಎರಡು ವರ್ಷ ಇದ್ದಾಗ ಒಂದು ಬೆಳಗ್ಗೆ ಕ್ಲಿನಿಕ್ಕಿಗೆ ತಡವಾಗುತ್ತಿತ್ತು. ಅವಳು ಬಾಯಿ ಬಿಗಿದು ಕೂತಿದ್ದಳು. ನಾನು ಅವಳನ್ನು ತೊಡೆಯ ಮೇಲೆ ಒರಗಿಸಿ, ಮೂಗು ಹಿಡಿದು ರಾಗಿ ಸರಿ ಹಾಕಿದೆ. ಹಾಗೆ ಮಾಡಿದರೆ ಊಟ ಶ್ವಾಸಕ್ಕೆ ಹೋಗಬಹುದು, ಮಾಡಲೇಬಾರದು ಅಂತ ದಿನಕ್ಕೆ ನಾಲ್ಕು ಜನಕ್ಕೆ ಹೇಳುವವಳು ನಾನು. ಅವಳು ನುಂಗಿದಳು, ಆಮೇಲೆ ನನ್ನ ಸೀರೆಯ ಮೇಲೆ ಅಷ್ಟನ್ನೂ ವಾಂತಿ ಮಾಡಿದಳು. ಮುಂದೆ ಸುಮಾರು ಒಂದು ವರ್ಷ ಆ ಸ್ಟೀಲಿನ ಬಟ್ಟಲು ಕಂಡರೆ ಸೋಫಾದ ಹಿಂದೆ ಹೋಗಿ ನಿಲ್ಲುತ್ತಿದ್ದಳು. ರಾಗಿ ಸರಿ ಇವತ್ತಿಗೂ ಮುಟ್ಟಲ್ಲ. ಈಗ ಪಿಯುಸಿ ಓದುತ್ತಿದ್ದಾಳೆ.

ಒತ್ತಾಯ ಮಾಡಿದ ಊಟ ಹೊಟ್ಟೆಗೆ ಹೋದರೂ ಇಷ್ಟವಾಗಿ ಉಳಿಯುವುದಿಲ್ಲ. ಫೋನ್ ತೋರಿಸಿ ಹಾಕುವುದೂ ಒತ್ತಾಯದ ಇನ್ನೊಂದು ರೂಪ. ಕಣ್ಣು ಪರದೆಯ ಮೇಲೆ, ಬಾಯಿ ತಾನಾಗಿ ತೆರೆಯುತ್ತದೆ, ಏನು ತಿಂದೆ, ಹೊಟ್ಟೆ ತುಂಬಿತಾ ಅಂತ ಗೊತ್ತೇ ಆಗಲ್ಲ. ಇನ್ನು ಕೆಲವು ಮಕ್ಕಳು ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಅರ್ಧ ಗಂಟೆ ಕೂರುತ್ತವೆ. ಎರಡು ವರ್ಷದೊಳಗೆ ಪರದೆಯೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಎರಡರಿಂದ ನಾಲ್ಕಕ್ಕೆ ದಿನಕ್ಕೆ ಒಂದು ಗಂಟೆ ಸಾಕು, ಅದೂ ತಟ್ಟೆಯ ಮುಂದೆ ಅಲ್ಲ. ಚಂದಮಾಮನನ್ನು ತೋರಿಸಿ ನಮ್ಮನ್ನೂ ಬೆಳೆಸಲಿಲ್ವಾ ಅಂತ ಒಬ್ಬ ಅಪ್ಪ ವಾದ ಮಾಡಿದರು. ಚಂದ್ರ ಮೂರು ಸೆಕೆಂಡಿಗೊಮ್ಮೆ ಬಣ್ಣ ಬದಲಿಸಲ್ಲ ಅಂದೆ.

ಸುಮಾರು ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಕ್ಲಾರಾ ಡೇವಿಸ್ ಅನ್ನುವ ಮಕ್ಕಳ ಡಾಕ್ಟರ್ ಒಂದು ಪ್ರಯೋಗ ಮಾಡಿದ್ದರು. ಅದರ ಮೊದಲ ವರದಿ ಬಂದಿದ್ದು 1928ರಲ್ಲಿ. ಆಗಷ್ಟೇ ಎದೆಹಾಲು ಬಿಟ್ಟ ಮಕ್ಕಳ ಮುಂದೆ ತರಕಾರಿ, ಹಣ್ಣು, ಧಾನ್ಯದ ಗಂಜಿ, ಮಾಂಸ, ಮೊಟ್ಟೆ, ಹಾಲು ಹೀಗೆ ಬೇರೆ ಬೇರೆ ಬಟ್ಟಲುಗಳನ್ನು ಇಡುತ್ತಿದ್ದರು. ನರ್ಸ್‌ಗಳು ಮಾತಾಡುವ ಹಾಗಿಲ್ಲ, ತಿನ್ನು ಅನ್ನುವ ಹಾಗಿಲ್ಲ. ಮಗು ಕೈ ತೋರಿಸಿದರೆ ಮಾತ್ರ ಚಮಚ ಹಿಡಿಯಬೇಕು. ಮಕ್ಕಳು ವಿಚಿತ್ರವಾಗಿ ತಿಂದವು. ಒಂದು ಹೊತ್ತು ಒಂದನ್ನೇ ತಿಂದು ಇನ್ನೊಂದು ಹೊತ್ತು ಅದನ್ನು ಮೂಸಿಯೂ ನೋಡಲಿಲ್ಲ. ಆದರೆ ಎಲ್ಲವೂ ಚೆನ್ನಾಗಿ ಬೆಳೆದವು. ಈ ಕಥೆ ಹೇಳಿದರೆ ಕೆಲವರು, "ನೋಡಿ, ಮಗುವಿಗೆ ಬೇಕಾದ್ದು ಕೊಟ್ರೆ ಆಯ್ತು" ಅನ್ನುತ್ತಾರೆ. ಒಂದು ಅಂಶ ಮರೆಯುತ್ತಾರೆ. ಆ ಬಟ್ಟಲುಗಳಲ್ಲಿ ಸಕ್ಕರೆ ಇರಲಿಲ್ಲ, ಬಿಸ್ಕತ್ತು, ಚಿಪ್ಸ್ ಇರಲಿಲ್ಲ. ಬಟ್ಟಲಲ್ಲಿ ಏನಿರಬೇಕು ಅಂತ ಡೇವಿಸ್ ಮೊದಲೇ ತೀರ್ಮಾನ ಮಾಡಿದ್ದರು.

ನಾನು ಮನೆಯವರಿಗೆ ಹೇಳುವುದೂ ಇದನ್ನೇ. ಏನು ಬಡಿಸಬೇಕು, ಎಷ್ಟು ಹೊತ್ತಿಗೆ, ಎಲ್ಲಿ ಕೂರಿಸಿ, ಇಷ್ಟು ನಿಮ್ಮ ಕೆಲಸ. ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ಕೆಲಸ. ಎಲಿನ್ ಸ್ಯಾಟರ್ ಅನ್ನುವ ಅಮೆರಿಕದ ಆಹಾರ ತಜ್ಞೆ ಈ ಪಾಲು ಹಂಚಿಕೆಯನ್ನು ಜನಪ್ರಿಯ ಮಾಡಿದರು. ಕೇಳಲು ಸುಲಭ, ಮಾಡಲು ಕಷ್ಟ. ಮಗು ನಾಲ್ಕು ತುತ್ತಿಗೆ ಎದ್ದರೆ ನಮ್ಮ ಕೈ ತಾನಾಗಿ ಐದನೆಯದಕ್ಕೆ ಹೋಗುತ್ತದೆ.

ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ. ಒಂದರಿಂದ ಇನ್ನೊಂದಕ್ಕೆ ಎರಡೂವರೆ, ಮೂರು ಗಂಟೆ ಅಂತರ. ಆ ಅಂತರದಲ್ಲಿ ನೀರು ಮಾತ್ರ. ಊಟಕ್ಕೆ ಕೂರಿಸಿದರೆ ಇಪ್ಪತ್ತು ನಿಮಿಷ, ಬಹಳ ಆದರೆ ಅರ್ಧ ಗಂಟೆ. ತಿನ್ನದಿದ್ದರೆ ಮುಖ ಸಿಂಡರಿಸದೆ ತಟ್ಟೆ ತೆಗೆಯಿರಿ. ಬದಲಿಗೆ ಹಾಲು ಕೊಡಬೇಡಿ. ಹಸಿದೀತು. ಹಸಿಯಲಿ, ಮುಂದಿನ ಹೊತ್ತಿಗೆ ತಿನ್ನುತ್ತದೆ. ಒಂದು ಊಟ ನೋಡಿ ಅಳೆಯಬೇಡಿ, ಒಂದು ವಾರ ನೋಡಿ. ಬಡಿಸುವಾಗ ಮಗುವಿನ ವಯಸ್ಸು ಎಷ್ಟೋ ಅಷ್ಟು ದೊಡ್ಡ ಚಮಚ ಸಾಕು. ಎರಡು ವರ್ಷಕ್ಕೆ ಎರಡು ಚಮಚ ಅನ್ನ, ಎರಡು ಚಮಚ ಬೇಳೆ, ಎರಡು ಚಮಚ ಪಲ್ಯ. ಬೇಕಾದರೆ ಮತ್ತೆ ಕೇಳಲಿ. ಬೆಟ್ಟದಷ್ಟು ಅನ್ನ ನೋಡಿದರೆ ನನಗೂ ಹಸಿವು ಹೋಗುತ್ತದೆ.

ಹೊಸ ತರಕಾರಿಯನ್ನು ಮಗು ಉಗಿದರೆ "ಇವನಿಗೆ ಸೇರಲ್ಲ" ಅಂತ ಬರೆದು ಮುಚ್ಚಬೇಡಿ. ಎರಡು ವರ್ಷದ ಆಸುಪಾಸಿನಲ್ಲಿ ಹೊಸ ಊಟದ ಬಗ್ಗೆ ಅನುಮಾನ ಬರುವುದು ಎಲ್ಲ ದೇಶದ ಮಕ್ಕಳಲ್ಲೂ ಇದೆ. ನಡೆಯಲು ಕಲಿತ ಮಗು ಕಂಡ ಕಂಡ ಎಲೆ ಬಾಯಿಗೆ ಹಾಕದಿರಲಿ ಅಂತ ಪ್ರಕೃತಿ ಇಟ್ಟ ಕಾವಲು ಇದು ಅನ್ನುವುದು ಒಂದು ಊಹೆ. ಈ ಅನುಮಾನ ಕರಗಲು ಎಂಟರಿಂದ ಹದಿನೈದು ಸಲ ಅದೇ ಪದಾರ್ಥ ಕಣ್ಣಿಗೆ, ಕೈಗೆ, ನಾಲಿಗೆಗೆ ಬೀಳಬೇಕು. ಬಹಳ ಜನ ಮೂರನೇ ಸಲಕ್ಕೆ ಕೈಬಿಡುತ್ತಾರೆ. ಒಂದು ಚೂರು ತಟ್ಟೆಯ ಅಂಚಿಗೆ ಇಡಿ. ನೀವು ಎದುರಿಗೆ ಕೂತು ಅದನ್ನೇ ತಿನ್ನಿ. ಮಾತು ಬೇಡ. ಮುಟ್ಟಿ ಬಿಟ್ಟರೆ ಅದೂ ಒಂದು ಸಲದ ಲೆಕ್ಕವೇ. ನಮ್ಮ ಮನೆಗಳಲ್ಲಿ ಮಗುವಿಗೆ ಮೊದಲು ಉಣ್ಣಿಸಿ ಮಲಗಿಸಿ ಆಮೇಲೆ ದೊಡ್ಡವರು ತಿನ್ನುತ್ತೇವೆ. ಹಾಗಾದರೆ ಹೀರೇಕಾಯಿಯನ್ನು ಜನ ಇಷ್ಟಪಟ್ಟು ತಿನ್ನುತ್ತಾರೆ ಅಂತ ಮಗುವಿಗೆ ಗೊತ್ತಾಗುವುದು ಹೇಗೆ? ಮನೆಯಲ್ಲಿ ಮುಟ್ಟದ ಉಪ್ಪಿಟ್ಟನ್ನು ಅಂಗನವಾಡಿಯ ಸಾಲಿನಲ್ಲಿ ಕೂತು ಖಾಲಿ ಮಾಡುವ ಮಗುವನ್ನು ಟೀಚರ್‌ಗಳು ದಿನಾ ನೋಡುತ್ತಾರೆ. ಪಕ್ಕದ ಮಗು ತಿನ್ನುತ್ತಿದೆ, ಅಷ್ಟೇ ಕಾರಣ.

ಇನ್ನು ಮಿಕ್ಸಿ. ಇದರ ಮೇಲೆ ನನಗೆ ಸಿಟ್ಟಿದೆ.

ಎರಡು ವರ್ಷವಾದರೂ ಅನ್ನ, ಬೇಳೆ, ಕ್ಯಾರೆಟ್ ಎಲ್ಲ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ ಕುಡಿಸುವ ಮನೆಗಳು ಕಮ್ಮಿ ಏನಿಲ್ಲ. ಗಂಟಲಿಗೆ ಸಿಕ್ಕೀತು ಅನ್ನುವ ಭಯ. ಅಗಿಯುವುದು ನಡಿಗೆಯ ಹಾಗೆ ಕಲಿಯಬೇಕಾದ ವಿದ್ಯೆ. ಆರು ತಿಂಗಳಿಗೆ ಕೈಯಲ್ಲಿ ನುರಿದ ಮೆತ್ತನೆಯ ಊಟ, ಎಂಟು ಒಂಬತ್ತಕ್ಕೆ ಸಣ್ಣ ಗಂಟುಗಳಿರುವ ಊಟ ಮತ್ತು ಕೈಯಲ್ಲಿ ಹಿಡಿದು ತಿನ್ನುವ ತುಂಡು, ವರ್ಷಕ್ಕೆ ಮನೆಮಂದಿಯ ಊಟ. ಆ ಕಾಲ ತಪ್ಪಿಸಿದರೆ ಆಮೇಲೆ ಒಂದು ಅನ್ನದ ಅಗುಳು ಸಿಕ್ಕಿದರೂ ಮಗು ಓಕರಿಸುತ್ತದೆ. ರುಚಿಯೂ ಅಷ್ಟೇ. ಎಲ್ಲ ಸೇರಿ ಕಂದು ಬಣ್ಣದ ಒಂದೇ ರುಚಿ. ಬೀನ್ಸ್ ಯಾವುದು, ಆಲೂಗಡ್ಡೆ ಯಾವುದು ಅಂತ ನಾಲಿಗೆಗೆ ಗೊತ್ತೇ ಇಲ್ಲ. ಇವತ್ತೇ ಮಿಕ್ಸಿ ಅಟ್ಟಕ್ಕೆ ಹಾಕಿ ಅನ್ನಲ್ಲ. ಈ ವಾರ ಸೌಟಿನಲ್ಲಿ ನುರಿಯಿರಿ, ಮುಂದಿನ ವಾರ ಬೆರಳಲ್ಲಿ ಹಿಸುಕಿ, ಆಮೇಲೆ ಹಾಗೇ ಕೊಡಿ.

ನಮ್ಮ ಸೀಮೆಯ ಅಡುಗೆಮನೆಯಲ್ಲಿ ಈ ವಯಸ್ಸಿಗೆ ಹೇಳಿ ಮಾಡಿಸಿದ ಪದಾರ್ಥಗಳಿವೆ. ಪಡ್ಡು ತೆಗೆದುಕೊಳ್ಳಿ. ಮಗುವಿನ ಅಂಗೈಗೆ ಸರಿಯಾದ ಗಾತ್ರ, ಒಳಗೆ ಮೆತ್ತಗೆ, ಹೊರಗೆ ಸ್ವಲ್ಪ ಗರಿ. ಹಿಟ್ಟಿಗೆ ಹೆಚ್ಚಿದ ಮೆಂತ್ಯ ಸೊಪ್ಪೋ ನುಗ್ಗೆ ಸೊಪ್ಪೋ ತುರಿದ ಕ್ಯಾರೆಟ್ಟೋ ಹಾಕಿ. ಜೋಳದ ರೊಟ್ಟಿಯನ್ನು ಬಿಸಿ ಇರುವಾಗಲೇ ಮುರಿದು ಬೇಳೆ ಸಾರಿನಲ್ಲಿ ನೆನೆಸಿದರೆ ಹಲ್ಲು ಪೂರ್ತಿ ಬರದ ಮಗುವೂ ತಿನ್ನುತ್ತದೆ. ಹಾಲು ಕಮ್ಮಿ ಮಾಡಿದರೆ ಕ್ಯಾಲ್ಸಿಯಂ ಗತಿ ಏನು ಅನ್ನುವವರಿಗೆ ರಾಗಿ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಅಕ್ಕಿಯಲ್ಲಿ ಹತ್ತರ ಆಸುಪಾಸು. ಚಿತ್ರದುರ್ಗ, ಹಿರಿಯೂರಿನ ಕಡೆಯವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಆದರೆ ಅಲ್ಲಿಂದ ಬಂದು ಇಲ್ಲಿ ಬಾಡಿಗೆ ಮನೆ ಮಾಡಿದ ಮೇಲೆ ಮುದ್ದೆ ಬಿಟ್ಟವರನ್ನು ನೋಡುತ್ತೇನೆ. ಮುದ್ದೆಯನ್ನು ಗೋಲಿಯಷ್ಟು ಮಾಡಿ, ತುಪ್ಪ ಸವರಿ, ಸೊಪ್ಪಿನ ಸಾರಿನಲ್ಲಿ ಹೊರಳಿಸಿ ಬಟ್ಟಲಲ್ಲಿಡಿ. ತಾನೇ ಎತ್ತಿಕೊಂಡು ತಿನ್ನಲಿ. ನೆಲ ಹೊಲಸಾಗುತ್ತದೆ, ಹಳೇ ಪಂಚೆ ಹಾಸಿ.

ಸೊಪ್ಪು, ಕಾಳಿನ ಕಬ್ಬಿಣ ಸುಲಭಕ್ಕೆ ಮೈಗೆ ಹತ್ತಲ್ಲ. ಅದಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಬೇಕು, ಇಲ್ಲವೇ ಊಟದ ಜೊತೆ ಒಂದು ತುಂಡು ಹಣ್ಣಾದ ಸೀಬೆ ಕೊಡಬೇಕು. ಕಾಳನ್ನು ನೆನೆಸಿ ಮೊಳಕೆ ಬರಿಸಿ ಬೇಯಿಸಿದರೆ ಇನ್ನೂ ಒಳ್ಳೆಯದು. ಮೊಟ್ಟೆ ತಿನ್ನುವ ಮನೆಯಾದರೆ ದಿನಕ್ಕೊಂದು ಕೊಡಿ. ತಿನ್ನದ ಮನೆಯಲ್ಲಿ ಗಟ್ಟಿ ಬೇಳೆ, ಹೆಸರುಕಾಳು, ಶೇಂಗಾ ಪುಡಿ, ಗುರೆಳ್ಳು ಪುಡಿ. ಬಡಿಸುವಾಗ ತಿಳಿಸಾರು ಬಿಟ್ಟು ತಳದ ಗಟ್ಟಿ ಹಾಕಿ. ಮಗುವಿಗೆ ಅಂತ ತಿಳಿ ಬಗ್ಗಿಸಿ ಕೊಡುವ ಅಭ್ಯಾಸ ಯಾರು ತಂದರೋ, ಅದರಲ್ಲಿ ಉಪ್ಪು ಹುಳಿ ಬಿಟ್ಟರೆ ಹೆಚ್ಚೇನೂ ಇರಲ್ಲ.

ಬೆಣ್ಣೆ ದೋಸೆ ಬಗ್ಗೆ ಕೇಳಿದರೆ, ಈ ಊರಿನಲ್ಲಿದ್ದುಕೊಂಡು ಬೇಡ ಅನ್ನುವ ಧೈರ್ಯ ನನಗಿಲ್ಲ. ಭಾನುವಾರ ಅಪ್ಪನ ತಟ್ಟೆಯಿಂದ ಅರ್ಧ ತಿನ್ನಲಿ.

ಶೇಂಗಾ ಅಂದೆನಲ್ಲ, ಅದು ಪುಡಿಯಾಗಿ ಮಾತ್ರ. ಐದು ವರ್ಷದೊಳಗಿನ ಮಗುವಿನ ಕೈಗೆ ಇಡೀ ಶೇಂಗಾ ಬೀಜ, ಹುರಿಗಡಲೆ ಕೊಡಬೇಡಿ. ಒಗ್ಗರಣೆ ಮಂಡಕ್ಕಿಯಲ್ಲಿ ಬರುವ ಬೀಜವನ್ನೂ ಆರಿಸಿ ತೆಗೆಯಿರಿ. ಚಳ್ಳಕೆರೆ ಕಡೆ ಶೇಂಗಾ ಕಿತ್ತು ಅಂಗಳದಲ್ಲಿ ಹರಡುವ ಕಾಲಕ್ಕೆ ಅಂಥ ಮಕ್ಕಳು ಬರುತ್ತವೆ. ಆಡುತ್ತಾ ಆಡುತ್ತಾ ಒಂದು ಸಲ ಜೋರಾಗಿ ಕೆಮ್ಮಿತು, ಆಮೇಲೆ ಸರಿಹೋಯಿತು, ವಾರವಾದರೂ ಒಂದು ಕಡೆಯ ಎದೆಯಲ್ಲಿ ಗೊರಗೊರ ನಿಂತಿಲ್ಲ. ಬೀಜ ಶ್ವಾಸನಾಳದಲ್ಲಿ ಕೂತಿರುತ್ತದೆ. ಅರಿವಳಿಕೆ ಕೊಟ್ಟು, ದುರ್ಬೀನು ಹಾಕಿ ತೆಗೆಯಬೇಕು. ದ್ರಾಕ್ಷಿಯನ್ನೂ ಉದ್ದಕ್ಕೆ ನಾಲ್ಕು ಸೀಳು ಮಾಡದೆ ಕೊಡಬೇಡಿ. ಓಡಾಡುತ್ತಾ ತಿನ್ನಿಸಬೇಡಿ.

"ಹಸಿವಾಗೋ ಟಾನಿಕ್ ಬರ್ಕೊಡಿ" ಅನ್ನುವವರಿಗೆ ಎರಡು ಮಾತು. ಅಂಗಡಿಯಲ್ಲಿ ಹಸಿವಿಗೆ ಅಂತ ಕೊಡುವ ಕೆಲವು ಸಿರಪ್‌ಗಳಲ್ಲಿ ಇರುವುದು ಸೈಪ್ರೊಹೆಪ್ಟಡಿನ್. ಅದು ಅಲರ್ಜಿಯ ಔಷಧ. ಹಸಿವು ಜಾಸ್ತಿ ಮಾಡುವುದು, ನಿದ್ದೆ ಬರಿಸುವುದು ಅದರ ಅಡ್ಡ ಪರಿಣಾಮ. ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಹಸಿವು ಮೊದಲಿನ ಜಾಗಕ್ಕೇ ಬರುತ್ತದೆ. ನಾಲ್ಕು ಲೋಟ ಹಾಲು ಕುಡಿಯುವ ಮಗುವಿಗೆ ನಾನು ಅದನ್ನು ಬರೆಯಲ್ಲ. ಇದರಿಂದ ಕೆಲವರು ಬೇಜಾರಾಗಿ ಬೇರೆ ಡಾಕ್ಟರ್ ಹತ್ತಿರ ಹೋಗಿದ್ದಾರೆ.

ನಿಜವಾಗಿ ತಡ ಮಾಡದೆ ತೋರಿಸಬೇಕಾದ ಮಕ್ಕಳೂ ಇದ್ದಾರೆ. ತಾಯಿ ಕಾರ್ಡಿನ ಗೆರೆ ಕೆಳಗೆ ಬಾಗುತ್ತಿದ್ದರೆ, ಅಂಗನವಾಡಿಯಲ್ಲಿ ತೋಳಿಗೆ ಸುತ್ತುವ ಪಟ್ಟಿ 12.5 ಸೆಂಟಿಮೀಟರ್‌ಗಿಂತ ಕಮ್ಮಿ ತೋರಿಸಿದರೆ ಬನ್ನಿ. 11.5ಕ್ಕಿಂತ ಕಮ್ಮಿ ಇದ್ದರೆ ಅವತ್ತೇ ಹೊರಡಿ. ಪ್ರತಿ ಊಟಕ್ಕೂ ಕೆಮ್ಮಿದರೆ, ಪದೇ ಪದೇ ವಾಂತಿ ಆದರೆ ಬನ್ನಿ. ಮೂರ್ನಾಲ್ಕು ದಿನಕ್ಕೊಮ್ಮೆ ಕಲ್ಲಿನಂಥ ಕಕ್ಕ ಮಾಡುತ್ತಿದ್ದರೆ ಮೊದಲು ಅದನ್ನು ಸರಿ ಮಾಡಬೇಕು, ಕಟ್ಟಿದ ಹೊಟ್ಟೆಗೆ ಹಸಿವಾಗಲ್ಲ. ಹಾಲು ಜಾಸ್ತಿ ಆದರೆ ಅದೂ ಕಟ್ಟುತ್ತದೆ. ಒಂದೇ ಬಣ್ಣದ್ದೋ ಒಂದೇ ಬಗೆಯದ್ದೋ ನಾಲ್ಕೈದು ಪದಾರ್ಥ ಬಿಟ್ಟು ಬೇರೇನನ್ನೂ ಮುಟ್ಟಲ್ಲ, ಜೊತೆಗೆ ಮಾತೂ ತಡ, ಕರೆದರೆ ತಿರುಗಿ ನೋಡಲ್ಲ ಅಂದರೆ ಅದು ಹಟ ಅಲ್ಲ. ಬೆಳವಣಿಗೆಯ ತಜ್ಞರಿಗೆ ತೋರಿಸಬೇಕು.

ಚೀಟಿಯ ಹಿಂಬದಿಯ ಹುಡುಗ ಮೂರು ವಾರ ಬಿಟ್ಟು ಬಂದ. ತೂಕ 150 ಗ್ರಾಂ ಜಾಸ್ತಿ ಆಗಿತ್ತು. ಹಾಲು ಎರಡು ಲೋಟಕ್ಕೆ ಬಂದಿದೆ, ಬಾಟಲಿ ತಿಪ್ಪೆಗೆ ಹೋಗಿದೆ, ಪಲ್ಯ ಇನ್ನೂ ಮುಟ್ಟಲ್ಲ, ಪಡ್ಡು ನಾಲ್ಕು ತಿನ್ನುತ್ತಾನೆ ಅಂತ ತಾಯಿ ವರದಿ ಒಪ್ಪಿಸಿದರು.

"ಸಂಜೆ ಅಂಗಡಿ?" ಅಂತ ಕೇಳಿದೆ.

"ಅದು ನಿಂತಿಲ್ಲ ಮೇಡಂ. ಮಾವ ನಮ್ಮ ಮಾತು ಕೇಳಲ್ಲ."

ಮುಂದಿನ ಸಲ ತಾತನನ್ನೂ ಕರ್ಕೊಂಡು ಬನ್ನಿ ಅಂದಿದ್ದೇನೆ.